ಒಂದೇ ಮನೆ, ಒಂದೇ ಗಾಳಿ, ಒಬ್ಬರಿಗೆ ಮಾತ್ರ ಕ್ಷಯ

1961ರಿಂದ 1968ರವರೆಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡಗಳು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಸುತ್ತಿದವು. ಜನರ ಎಕ್ಸ್‌ರೇ ತೆಗೆದವು, ಕಫ ಪರೀಕ್ಷಿಸಿದವು, ಕೆಲವು ಕಾಲ ಬಿಟ್ಟು ಅದೇ ಜನರನ್ನು ಹುಡುಕಿಕೊಂಡು ಮತ್ತೆ ಹೋದವು. ಸಂಘಟಿತ ಚಿಕಿತ್ಸೆ ಆ ಹಳ್ಳಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಹಾಗಾಗಿ ಔಷಧ ಇಲ್ಲದಿದ್ದರೆ ಕ್ಷಯ ಏನು ಮಾಡುತ್ತದೆ ಎನ್ನುವುದಕ್ಕೆ ಜಗತ್ತಿನಲ್ಲಿರುವ ಒಳ್ಳೆಯ ದಾಖಲೆಗಳಲ್ಲಿ ಇದೂ ಒಂದಾಯಿತು. ಕಫದಲ್ಲಿ ಕ್ರಿಮಿ ಕಂಡವರಲ್ಲಿ ಐದು ವರ್ಷದೊಳಗೆ 49% ಮಂದಿ ತೀರಿಕೊಂಡಿದ್ದರು. 18% ಜನರ ಕಫದಲ್ಲಿ ಕ್ರಿಮಿ ಇನ್ನೂ ಇತ್ತು. ಉಳಿದವರು, ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು, ಮದ್ದಿಲ್ಲದೆಯೇ ಕ್ರಿಮಿಮುಕ್ತರಾಗಿದ್ದರು.

ಇದು ರೋಗ ಬಲಿತವರ ಲೆಕ್ಕ. ಕ್ರಿಮಿ ಹೊಕ್ಕವರ ಲೆಕ್ಕ ಇನ್ನೂ ವಿಚಿತ್ರ. ಜಗತ್ತಿನ ಜನಸಂಖ್ಯೆಯ ಸುಮಾರು ಕಾಲು ಭಾಗಕ್ಕೆ ಕ್ಷಯದ ಕ್ರಿಮಿ ಒಂದಲ್ಲ ಒಂದು ಸಲ ಸೋಂಕಿದೆ ಎಂದು ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಮಿಕ್ಕವರ ದೇಹ ಕ್ರಿಮಿಯನ್ನು ಕೊಲ್ಲುತ್ತದೆ, ಇಲ್ಲವೇ ಶ್ವಾಸಕೋಶದ ಒಂದು ಮೂಲೆಯಲ್ಲಿ ಕೂಡಿಹಾಕುತ್ತದೆ. ಹಾಗಾದರೆ ಆ ಐದು-ಹತ್ತು ಮಂದಿ ಯಾರು? ಊಟ, ಮನೆ, ಸಕ್ಕರೆ ಕಾಯಿಲೆ, ಬೀಡಿ, ಎಚ್‌ಐವಿ, ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಉತ್ತರದ ಒಂದು ತುಂಡು ಉಳಿಯುತ್ತದೆ. ವಂಶವಾಹಿಯ ಪಾತ್ರ ಇರುವುದು ಅಲ್ಲಿ. ಆದರೆ ಆ ತುಂಡು ಎಷ್ಟು ದೊಡ್ಡದು ಎನ್ನುವ ವಿಷಯದಲ್ಲಿ ಜನರೂ ವೈದ್ಯರೂ ನೂರು ವರ್ಷಕ್ಕೂ ಹೆಚ್ಚು ಕಾಲ ಎಡವಿದ್ದಾರೆ.

1882ರಲ್ಲಿ ರಾಬರ್ಟ್ ಕಾಕ್ ಕ್ರಿಮಿಯನ್ನು ತೋರಿಸುವವರೆಗೆ ಯುರೋಪಿನ ಅನೇಕ ವೈದ್ಯರಿಗೆ ಕ್ಷಯ ವಂಶಪಾರಂಪರ್ಯದ ಕಾಯಿಲೆಯಾಗಿತ್ತು. ನಮ್ಮಲ್ಲಿ ಈಗಲೂ ಹೆಣ್ಣು-ಗಂಡು ನೋಡುವಾಗ 'ಅವರ ಮನೆತನದಲ್ಲೇ ಇದೆಯಂತೆ' ಎಂಬ ಪಿಸುಮಾತು ಕೇಳುತ್ತದೆ. ಹಾಗೆ ಕಾಣಿಸುವುದಕ್ಕೆ ಕಾರಣವೂ ಉಂಟು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಇದೇ ರೋಗಕ್ಕೆ ಬಲಿಯಾದರು. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಇರುವುದು ಆ ರಾಜಕುಮಾರಿಯ ಹೆಸರಿನಲ್ಲಿ. ತಾಯಿ-ಮಕ್ಕಳು ಒಬ್ಬರ ಹಿಂದೆ ಒಬ್ಬರು ಹೋದರೆ ರಕ್ತದಲ್ಲೇ ಏನೋ ಇದೆ ಅನಿಸುವುದು ಸಹಜ. ಆದರೆ ಒಂದೇ ಸೂರಿನಡಿ ಬಾಳುವವರು ವಂಶವಾಹಿಯನ್ನಷ್ಟೇ ಅಲ್ಲ, ಕೆಮ್ಮಿನ ಗಾಳಿಯನ್ನೂ ಹಂಚಿಕೊಂಡಿರುತ್ತಾರೆ. ಇವೆರಡನ್ನು ಬಿಡಿಸಿ ನೋಡುವುದೇ ಈ ಶಾಸ್ತ್ರದ ಮೊದಲ ಕಷ್ಟ.

ಬಿಡಿಸಲು ಹಿಡಿದ ಮೊದಲ ದಾರಿ ಅವಳಿಗಳದು. ಒಂದೇ ಅಂಡದಿಂದ ಬಂದ ಅವಳಿಗಳ ವಂಶವಾಹಿ ಪೂರ್ತಿ ಒಂದೇ. ಬೇರೆ ಬೇರೆ ಅಂಡದಿಂದ ಬಂದವರು ಬೇರೆ ಒಡಹುಟ್ಟಿದವರಂತೆ ಅರ್ಧದಷ್ಟನ್ನು ಮಾತ್ರ ಹಂಚಿಕೊಂಡಿರುತ್ತಾರೆ. ಬ್ರಿಟನ್ನಿನಲ್ಲಿ ಸಂಗ್ರಹಿಸಿದ್ದ ಅವಳಿಗಳ ಮಾಹಿತಿಯನ್ನು ಜಾರ್ಜ್ ಕಾಮ್‌ಸ್ಟಾಕ್ 1978ರಲ್ಲಿ ಮತ್ತೆ ತಾಳೆ ನೋಡಿದರು. ಏಕಾಂಡ ಅವಳಿಗಳಲ್ಲಿ ಒಬ್ಬರಿಗೆ ಕ್ಷಯವಿದ್ದಾಗ ಇನ್ನೊಬ್ಬರಿಗೂ ಇದ್ದದ್ದು ಸುಮಾರು 31% ಜೋಡಿಗಳಲ್ಲಿ. ಭಿನ್ನಾಂಡ ಅವಳಿಗಳಲ್ಲಿ ಸುಮಾರು 15%. ಎರಡು ಪಟ್ಟು. ವಂಶವಾಹಿಗೆ ಪಾಲಿದೆ ಎನ್ನುವುದಕ್ಕೆ ಇದು ಸಾಕು. ಇದೇ ಅಂಕಿಯನ್ನು ತಿರುಗಿಸಿ ನೋಡಿ: ವಂಶವಾಹಿ ಪೂರ್ತಿ ಒಂದೇ ಆಗಿದ್ದರೂ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಜೋಡಿಗಳಲ್ಲಿ ಎರಡನೆಯವರಿಗೆ ಕ್ಷಯ ಬರಲಿಲ್ಲ. ಈ ಎರಡನೆಯ ಓದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಇನ್ನೊಂದು ಘಟನೆಯನ್ನಂತೂ ವಂಶವಾಹಿಗೆ ಸಾಕ್ಷಿ ಎಂದು ಬಹಳ ಕಾಲ ಬಳಸಿದರು. 1929-30ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ 251 ನವಜಾತ ಶಿಶುಗಳ ಬಾಯಿಗೆ ಹಾಕಿದ ಬಿಸಿಜಿ ಲಸಿಕೆಯಲ್ಲಿ ನಿಜವಾದ ಕ್ಷಯದ ಕ್ರಿಮಿ ಬೆರೆತುಹೋಗಿತ್ತು. 72 ಮಕ್ಕಳು ಸತ್ತವು, ಉಳಿದ ಬಹುಪಾಲು ಮಕ್ಕಳು ಬದುಕಿದವು. ಕ್ರಿಮಿ ಒಂದೇ, ವಯಸ್ಸು ಒಂದೇ, ಫಲ ಮಾತ್ರ ಬೇರೆ. ಅಂದ ಮೇಲೆ ವ್ಯತ್ಯಾಸವೆಲ್ಲ ಹುಟ್ಟುಗುಣದ್ದು ಎಂಬ ವಾದ. ದಶಕಗಳ ನಂತರ ದಾಖಲೆಗಳನ್ನು ಕೆದಕಿದಾಗ ಎಲ್ಲ ಶಿಶುಗಳ ಹೊಟ್ಟೆಗೂ ಒಂದೇ ಪ್ರಮಾಣದ ಕ್ರಿಮಿ ಹೋಗಿರಲಿಲ್ಲವೆಂದು ತಿಳಿಯಿತು. ಸಾವು-ಬದುಕಿನ ಬಹಳಷ್ಟು ವ್ಯತ್ಯಾಸವನ್ನು ಆ ಪ್ರಮಾಣವೇ ವಿವರಿಸುತ್ತಿತ್ತು.

ಸರಿ, ವಂಶವಾಹಿ ಕೆಲಸ ಮಾಡುವುದಾದರೂ ಹೇಗೆ? ಅದಕ್ಕೆ ಶ್ವಾಸಕೋಶದೊಳಗೆ ಒಮ್ಮೆ ಇಣುಕಬೇಕು. ಒಳಗೆ ಬಂದ ಕ್ಷಯದ ಕ್ರಿಮಿಯನ್ನು ಮೊದಲು ನುಂಗುವುದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಕ್ಷಯದ ಕ್ರಿಮಿಗೆ ಮಾತ್ರ ಆ ಕೋಶದ ಹೊಟ್ಟೆಯೊಳಗೇ ಬಾಳುವ ಕಲೆ ಗೊತ್ತು. ನುಂಗಿದ್ದನ್ನು ಕೊಲ್ಲಲು ಭಕ್ಷಕ ಕೋಶಕ್ಕೆ ಹೊರಗಿನಿಂದ ಅಪ್ಪಣೆ ಬರಬೇಕು. ಅದು ಹೀಗೆ: ಭಕ್ಷಕ ಕೋಶ ಇಂಟರ್‌ಲ್ಯೂಕಿನ್-12, ಇಂಟರ್‌ಲ್ಯೂಕಿನ್-23 ಎಂಬ ಸಂದೇಶ ಪ್ರೋಟೀನುಗಳನ್ನು ಸುರಿಸುತ್ತದೆ. ಟಿ ಕೋಶ ಮತ್ತು ಅದರ ಬಳಗದ ಇತರ ಬಿಳಿ ರಕ್ತಕಣಗಳು ಅದನ್ನು ಗ್ರಹಿಸಿ, ಉತ್ತರವಾಗಿ ಇಂಟರ್‌ಫೆರಾನ್-ಗಾಮಾ ಬಿಡುತ್ತವೆ. ಅದು ತಲುಪಿದ ಮೇಲೆ ಭಕ್ಷಕ ಕೋಶ ಒಳಗಿನ ಕ್ರಿಮಿಯ ಮೇಲೆ ಮುಗಿಬೀಳುತ್ತದೆ. ಸಂದೇಶ, ಅದನ್ನು ಹಿಡಿಯುವ ಗ್ರಾಹಕ, ಕೋಶದೊಳಕ್ಕೆ ದಾಟಿಸುವ ಕಿಣ್ವ, ಪ್ರತಿಯೊಂದಕ್ಕೂ ಒಂದೊಂದು ವಂಶವಾಹಿ. ಯಾವುದು ಕೈಕೊಟ್ಟರೂ ಸಂದೇಶ ದಾರಿಯಲ್ಲೇ ಉಳಿಯುತ್ತದೆ.

ಇದು ಊಹೆಯಲ್ಲ ಎಂದು ತಿಳಿದದ್ದು 1996ರಲ್ಲಿ. ಮಾಲ್ಟಾದ ಒಂದೇ ಹಳ್ಳಿಯ ನಾಲ್ಕು ಮಕ್ಕಳು ಕ್ಷಯದ ಕ್ರಿಮಿಯ ಬಳಗದವೇ ಆದ, ಮಣ್ಣು-ನೀರಿನಲ್ಲಿರುವ, ಸಾಮಾನ್ಯವಾಗಿ ಯಾರಿಗೂ ಏನೂ ಮಾಡದ ಮೈಕೋಬ್ಯಾಕ್ಟೀರಿಯಾಗಳಿಂದ ನರಳುತ್ತಿದ್ದರು. ಟುನೀಶಿಯಾದ ಒಂದು ಮಗುವಿಗೆ ಬಿಸಿಜಿ ಲಸಿಕೆಯ ಕ್ರಿಮಿಯೇ ಮೈತುಂಬ ಹರಡಿತ್ತು. ಎರಡೂ ಕಡೆ ಕೆಟ್ಟಿದ್ದದ್ದು ಇಂಟರ್‌ಫೆರಾನ್-ಗಾಮಾ ಗ್ರಾಹಕದ ವಂಶವಾಹಿ. ಅಲ್ಲಿಂದೀಚೆಗೆ ಇದೇ ಸರಣಿಯಲ್ಲಿ ಇನ್ನೂ ಹಲವು ವಂಶವಾಹಿಗಳ ದೋಷ ಸಿಕ್ಕಿದೆ. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುವ ಜಾನ್-ಲೊರಾಂ ಕಸನೋವಾ ಅವರ ಬಳಗದ ಪಾಲು ಇದರಲ್ಲಿ ದೊಡ್ಡದು.

ಇಂಥ ದೋಷಗಳು ತೀರಾ ಅಪರೂಪ. ಆದರೆ ದಕ್ಷಿಣ ಭಾರತದವರು ಇಲ್ಲಿ ಒಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಈ ದೋಷಗಳಲ್ಲಿ ಹೆಚ್ಚಿನವು ಕಾಯಿಲೆಯಾಗಿ ಕಾಣಿಸಿಕೊಳ್ಳುವುದು ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ. ಜನಸಮುದಾಯದಲ್ಲಿರುವ ಆ ವಂಶವಾಹಿಯ ಪ್ರತಿಗಳಲ್ಲಿ ಸಾವಿರಕ್ಕೆ ಒಂದು ಕೆಟ್ಟದ್ದು ಎಂದಿಟ್ಟುಕೊಳ್ಳಿ. ನೆಂಟಸ್ತಿಕೆ ಇಲ್ಲದ ಗಂಡ-ಹೆಂಡಿರ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವ ಸಂಭವ ಹತ್ತು ಲಕ್ಷಕ್ಕೆ ಒಂದು. ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾದರೆ ಅವರ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಇಳಿದುಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಆಗ ಕಾಯಿಲೆಯ ಸಂಭವ ಸುಮಾರು ಎಂಟು ಸಾವಿರಕ್ಕೆ ಒಂದಾಗುತ್ತದೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರು ಸಾವಿರಕ್ಕೆ ಒಂದರ ಆಸುಪಾಸು. ಒಂದು ಕುಟುಂಬದ ಮಟ್ಟಿಗೆ ಆಗಲೂ ಇದು ಚಿಕ್ಕ ಅಪಾಯವೇ; ನೆಂಟಸ್ತಿಕೆಯ ಮದುವೆ ಬಳಕೆಯಲ್ಲಿರುವ ಇಡೀ ಸಮುದಾಯದ ಮಟ್ಟಿಗೆ ಅಲ್ಲ.

ನಮ್ಮಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಬಿಸಿಜಿ ಹಾಕುತ್ತಾರೆ. ಚುಚ್ಚಿದಲ್ಲಿ ಗುಳ್ಳೆ ಎದ್ದು ಕಲೆ ಉಳಿಯುವುದು ಮಾಮೂಲು, ಕಂಕುಳಲ್ಲಿ ಪುಟ್ಟ ಗಡ್ಡೆ ಬಂದು ತಾನಾಗಿ ಇಳಿಯುವುದೂ ಉಂಟು. ಗಡ್ಡೆಗಳು ದೊಡ್ಡದಾಗುತ್ತಾ ಹೋಗಿ, ಜ್ವರ ಬಿಡದೆ, ಮಗುವಿನ ತೂಕ ಏರದಿದ್ದರೆ ಅದು ಇಂಥ ದೋಷದ ಸುಳಿವಿರಬಹುದು; ಮಕ್ಕಳ ತಜ್ಞರಿಗೆ ಬೇಗ ತೋರಿಸಬೇಕು. ಹಿಂದಿನ ಮಗು ಬಿಸಿಜಿಯಾದ ಮೇಲೆ ಹೀಗೆ ನರಳಿದ್ದರೆ ಅಥವಾ ತೀರಿಕೊಂಡಿದ್ದರೆ, ಮುಂದಿನ ಮಗುವಿಗೆ ಲಸಿಕೆ ಹಾಕುವ ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು. ಇದನ್ನು ಓದಿ ಯಾರೂ ಬಿಸಿಜಿಗೆ ಹೆದರಬೇಕಿಲ್ಲ. ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಿಂದ ಕಾಯುವುದರಲ್ಲಿ ಅದರ ಬೆಲೆ ದೊಡ್ಡದು.

ಇಷ್ಟು ಹೊತ್ತು ನೋಡಿದ್ದು ಒಂದೊಂದು ಮನೆಯ ದುರಂತ. ಇಡೀ ಜನಾಂಗದ ಕ್ಷಯವನ್ನು ವಂಶವಾಹಿ ಹೇಗೆ ಪ್ರಭಾವಿಸುತ್ತದೆ ಎನ್ನುವುದಕ್ಕೆ ಈವರೆಗೆ ಸಿಕ್ಕ ಅತ್ಯಂತ ಸ್ಪಷ್ಟ ಉದಾಹರಣೆ ಯುರೋಪಿನದು, ಟಿವೈಕೆ2 ಎಂಬ ವಂಶವಾಹಿಯದು. ಸಂದೇಶವನ್ನು ಕೋಶದೊಳಕ್ಕೆ ದಾಟಿಸುವ ಕಿಣ್ವವೊಂದನ್ನು ಇದು ತಯಾರಿಸುತ್ತದೆ. ಆ ಕಿಣ್ವದ 1104ನೆಯ ಸ್ಥಾನದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇರಬೇಕು; ಕೆಲವರಲ್ಲಿ ಅಲ್ಲಿ ಅಲನಿನ್ ಇರುತ್ತದೆ. ಒಂದು ಪ್ರತಿ ಮಾತ್ರ ಹೀಗಿದ್ದರೆ ತೊಂದರೆಯಿಲ್ಲ. ಎರಡೂ ಪ್ರತಿ ಹೀಗಿದ್ದವರಲ್ಲಿ ಇಂಟರ್‌ಲ್ಯೂಕಿನ್-23ರ ಸಂದೇಶ ಸರಿಯಾಗಿ ದಾಟುವುದಿಲ್ಲ, ಇಂಟರ್‌ಫೆರಾನ್-ಗಾಮಾ ಕಡಿಮೆ ಬೀಳುತ್ತದೆ. ಮಿಕ್ಕ ಸೋಂಕುಗಳ ಎದುರು ಇಂಥವರು ಗಟ್ಟಿಯಾಗಿಯೇ ಇರುತ್ತಾರೆ, ಕ್ಷಯಕ್ಕೆ ಮಾತ್ರ ಸುಲಭದ ತುತ್ತು. 2018ರಲ್ಲಿ ಇದು ಪ್ರಕಟವಾಯಿತು.

ಮೂರು ವರ್ಷದ ನಂತರ ಪ್ಯಾರಿಸ್‌ನ ಸಂಶೋಧಕರು ಒಂದು ಸೊಗಸಾದ ಕೆಲಸ ಮಾಡಿದರು. ಯುರೋಪಿನ ಹಳೆಯ ಸಮಾಧಿಗಳಲ್ಲಿ ಸಿಕ್ಕ ಎಲುಬು-ಹಲ್ಲುಗಳಿಂದ ತೆಗೆದ 1,013 ಪ್ರಾಚೀನ ಜೀನೋಮುಗಳಲ್ಲಿ ಡಿಎನ್ಎಯ ಈ ಒಂದೇ ಅಕ್ಷರದ ಬದಲಾವಣೆಯನ್ನು ಹುಡುಕಿಕೊಂಡು ಹೋದರು. ಇದು ಹುಟ್ಟಿದ್ದು ಸುಮಾರು 30,000 ವರ್ಷಗಳ ಹಿಂದೆ. ಜನರ ವಲಸೆಯ ಜೊತೆಗೆ ಹರಡುತ್ತಾ ಕಂಚಿನ ಯುಗದ ಹೊತ್ತಿಗೆ ಈ ವಂಶವಾಹಿಯ ಪ್ರತಿಗಳಲ್ಲಿ ಇದರ ಪಾಲು 9%ವರೆಗೆ ಏರಿತ್ತು. ಸುಮಾರು 2,000 ವರ್ಷಗಳಿಂದೀಚೆಗೆ ಕುಸಿಯತೊಡಗಿ ಈಗ 3%ರ ಆಸುಪಾಸಿನಲ್ಲಿದೆ. 9ರಿಂದ 3ಕ್ಕೆ ಇಳಿದದ್ದು ಸಣ್ಣ ವಿಷಯವಾಗಿ ಕಾಣಬಹುದು. ಆದರೆ ಅಪಾಯವಿರುವುದು ಎರಡು ಪ್ರತಿ ಇದ್ದವರಿಗೆ ತಾನೇ? 9% ಇದ್ದಾಗ ಅಂಥವರು ಸುಮಾರು 120 ಜನರಲ್ಲಿ ಒಬ್ಬರು. 3%ಗೆ ಇಳಿದಾಗ 1,100ರಲ್ಲಿ ಒಬ್ಬರು. ಎರಡು ಪ್ರತಿ ಹೊತ್ತವರು ಬದುಕಿ ಮಕ್ಕಳನ್ನು ಹೆರುವ ಅವಕಾಶ ಉಳಿದವರಿಗಿಂತ ಸುಮಾರು 20% ಕಡಿಮೆ ಇದ್ದಿರಬೇಕು ಎಂದು ಅವರ ಅಂದಾಜು. ಮನುಷ್ಯ ಜೀನೋಮಿನಲ್ಲಿ ಇಷ್ಟು ಕಟುವಾದ ಆಯ್ಕೆಯ ಒತ್ತಡ ಕಾಣಸಿಗುವುದು ಕಡಿಮೆ. ಯುರೋಪಿನ ಪೇಟೆಗಳು ಬೆಳೆದು, ಜನ ಒತ್ತೊತ್ತಾಗಿ ಬಾಳಿ, ಕ್ಷಯ ಎರಡು ಸಾವಿರ ವರ್ಷ ಕೊಯ್ಲು ಮಾಡಿದ ಗುರುತು ಅದು.

ಅಷ್ಟು ಕೆಟ್ಟದ್ದಾದರೆ ಪೂರ್ತಿ ಅಳಿದುಹೋಗಲಿಲ್ಲವೇಕೆ? ಒಂದು ಪ್ರತಿ ಹೊತ್ತವರನ್ನು ಕ್ಷಯ ವಿಶೇಷವಾಗಿ ಕಾಡುವುದಿಲ್ಲ, ಅವರ ಮೂಲಕ ಅದು ಸದ್ದಿಲ್ಲದೆ ಮುಂದಿನ ತಲೆಮಾರಿಗೆ ದಾಟುತ್ತದೆ. ಜೊತೆಗೆ ಇದೇ ಬದಲಾವಣೆ ಸೋರಿಯಾಸಿಸ್, ಸಂಧಿವಾತದಂಥ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳ ಅಪಾಯವನ್ನು ತಗ್ಗಿಸುತ್ತದೆ. ಈ ಸುಳಿವು ಔಷಧ ಕಂಪನಿಗಳಿಗೂ ಹತ್ತಿತು. ಟಿವೈಕೆ2 ಕಿಣ್ವವನ್ನು ಬೇಕೆಂದೇ ತಗ್ಗಿಸುವ ಡ್ಯೂಕ್ರಾವಸಿಟಿನಿಬ್ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಸಿಕ್ಕಿತು. ರೋಗನಿರೋಧಕ ಶಕ್ತಿಯ ಒಂದು ಕವಲನ್ನು ಅದುಮುವ ಇಂಥ ಮದ್ದುಗಳನ್ನು ಶುರುಮಾಡುವ ಮುನ್ನ ವೈದ್ಯರು ಕ್ಷಯದ ಪರೀಕ್ಷೆ ಬರೆದುಕೊಡುವುದು ಅದಕ್ಕೇ. ಸಂಧಿವಾತಕ್ಕೆ ಹೋದವರಿಗೆ ಟಿಬಿ ಪರೀಕ್ಷೆ ಏಕೆ ಎಂದು ಗೊಣಗುವವರು ಇದನ್ನು ನೆನಪಿಡಬಹುದು.

ಈಗ ಭೂಪಟ ಹರಡಿ ನೋಡಿ. ಕ್ಷಯಕ್ಕೆ ಈಡುಮಾಡುವ ವಂಶವಾಹಿ ರೂಪಗಳಲ್ಲಿ ಇಷ್ಟು ಗಟ್ಟಿ ಪುರಾವೆ ಇರುವ, ಇಷ್ಟು ಮಂದಿಯಲ್ಲಿರುವ ರೂಪ ಬೇರೆ ಇಲ್ಲ. ಅದು ಹೆಚ್ಚಾಗಿರುವುದು ಯುರೋಪಿನ ಮೂಲದವರಲ್ಲಿ. ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕ್ಷಯ ತೀರಾ ಕಡಿಮೆ ಇರುವ ಜಾಗಗಳಲ್ಲಿ ಪಶ್ಚಿಮ ಯುರೋಪೂ ಒಂದು, ಹೆಚ್ಚಿರುವುದು ಏಷ್ಯಾ ಮತ್ತು ಆಫ್ರಿಕಾದಲ್ಲಿ. ಜಗತ್ತಿನ ಹೊಸ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ಭಾರತದವರು. ವಂಶವಾಹಿಯ ಭೂಪಟ ಒಂದು ಕಡೆ, ರೋಗದ ಭೂಪಟ ಇನ್ನೊಂದು ಕಡೆ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು 19ನೆಯ ಶತಮಾನದ ನಡುವಿನಿಂದಲೇ ಇಳಿಯುತ್ತಾ ಬಂದವು, 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಮದ್ದು ಬರುವ ಹೊತ್ತಿಗೆ ಬಹುಪಾಲು ಇಳಿದಾಗಿತ್ತು. ನಾಲ್ಕು ತಲೆಮಾರಿನಲ್ಲಿ ಒಂದು ಜನಾಂಗದ ವಂಶವಾಹಿ ಅಷ್ಟು ಬದಲಾಗುವುದಿಲ್ಲ.

ಇದಕ್ಕಿಂತ ಕಟುವಾದ ಪಾಠ ಕೆನಡಾದ್ದು. 19ನೆಯ ಶತಮಾನದ ಕೊನೆಗೆ ಅಲ್ಲಿನ ಬಯಲುಸೀಮೆಯ ಮೂಲನಿವಾಸಿಗಳಲ್ಲಿ ಕ್ಷಯ ಕಾಳ್ಗಿಚ್ಚಿನಂತೆ ಹಬ್ಬಿತು. ಹಿಂದೆಂದೂ ಕ್ರಿಮಿಯನ್ನು ಕಾಣದ ಜನ, ಅವರ ದೇಹಕ್ಕೆ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ಬಹಳ ಕಾಲ ಬರೆದರು. 2011ರಲ್ಲಿ ಕ್ರಿಮಿಗಳ ಡಿಎನ್‌ಎಯನ್ನೇ ಓದಿದ ಅಧ್ಯಯನ ಬೇರೆ ಕತೆ ಹೇಳಿತು. ಆ ಕ್ರಿಮಿಯ ಬಳ್ಳಿ ತುಪ್ಪಳದ ವ್ಯಾಪಾರಕ್ಕೆ ದೋಣಿಯಲ್ಲಿ ಬಂದ ಫ್ರೆಂಚ್ ಕೆನಡಿಯನ್ನರ ಜೊತೆ 1710ರಿಂದ 1870ರ ನಡುವೆ ಅಲ್ಲಿಗೆ ಹರಡಿತ್ತು. ಅಷ್ಟೂ ಕಾಲ ಅದು ಸಣ್ಣಗೆ ಹೊಗೆಯಾಡುತ್ತಿತ್ತೇ ಹೊರತು ಉರಿದಿರಲಿಲ್ಲ. ಕಾಡೆಮ್ಮೆಗಳು ನಾಶವಾಗಿ, ಹಸಿವು ಬಂದು, ಸರ್ಕಾರ ಜನರನ್ನು ಮೀಸಲು ಪ್ರದೇಶಗಳಿಗೂ ಮಕ್ಕಳನ್ನು ಇಕ್ಕಟ್ಟಾದ ವಸತಿಶಾಲೆಗಳಿಗೂ ತುಂಬಿದ ಮೇಲೆ ಸಾವು ಶುರುವಾಯಿತು. ಜನ ಅವರೇ, ಕ್ರಿಮಿ ಅದೇ. ಆ ಶಾಲೆಗಳಲ್ಲಿ ಮಕ್ಕಳು ಸಾಯುತ್ತಿರುವುದನ್ನು ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯ 1907ರಲ್ಲೇ ವರದಿ ಮಾಡಿದ್ದರು, ಕೇಳಿಸಿಕೊಂಡವರು ಕಡಿಮೆ. 'ದುರ್ಬಲ ಜನಾಂಗ' ಎಂಬ ಮಾತು ಎಷ್ಟು ಅನುಕೂಲಕರ ಎಂದು ಇಲ್ಲಿ ತಿಳಿಯುತ್ತದೆ.

ಸಾವಿರಾರು ರೋಗಿಗಳ ಇಡೀ ಜೀನೋಮನ್ನು ಜಾಲಾಡುವ ಅಧ್ಯಯನಗಳೂ ನಡೆದಿವೆ. ಘಾನಾ-ಗ್ಯಾಂಬಿಯಾದಲ್ಲಿ 18ನೆಯ ವರ್ಣತಂತುವಿನ ಒಂದು ಜಾಗ, ರಷ್ಯಾದಲ್ಲಿ ಎಎಸ್‌ಎಪಿ1 ಎಂಬ ವಂಶವಾಹಿ, ಐಸ್‌ಲ್ಯಾಂಡ್‌ನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿ ಗುಂಪಿನ ಪ್ರದೇಶ ಸಿಕ್ಕವು. ಒಂದು ಕಡೆ ಸಿಕ್ಕದ್ದು ಇನ್ನೊಂದು ಕಡೆ ಸಿಗದಿರುವುದೇ ಹೆಚ್ಚು. ಸಿಕ್ಕ ರೂಪಗಳ ಪ್ರಭಾವವೂ ಸಾಮಾನ್ಯವಾಗಿ ಅಲ್ಪ, ಅಪಾಯವನ್ನು ದುಪ್ಪಟ್ಟು ಮಾಡುವಷ್ಟೂ ಇಲ್ಲ. ಒಂದು ಕಡೆಯದು ಇನ್ನೊಂದು ಕಡೆ ಸಿಗದಿರುವುದಕ್ಕೆ ಒಂದು ಕಾರಣ ಕ್ರಿಮಿಯಲ್ಲೇ ಇದೆ. ಕ್ಷಯದ ಕ್ರಿಮಿಗೂ ಪಂಗಡಗಳಿವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವುದು ಹಿಂದೂ ಮಹಾಸಾಗರದ ಸುತ್ತಲಿನ ಹಳೆಯ ಪಂಗಡ, ಉತ್ತರದಲ್ಲಿ ಬೇರೆಯವು. ಒಂದು ಪಂಗಡದ ಎದುರು ದುರ್ಬಲವಾದ ವಂಶವಾಹಿ ರೂಪ ಇನ್ನೊಂದರ ಎದುರು ಹಾಗಿರಬೇಕೆಂದೇನಿಲ್ಲ. ಎಚ್‌ಐವಿ ಇದ್ದರೆ ಕ್ಷಯದ ಅಪಾಯ ಹದಿನೈದು ಪಟ್ಟಿನ ಆಸುಪಾಸು ಏರುತ್ತದೆ, ಅಪೌಷ್ಟಿಕತೆಯಿಂದ ಮೂರು ಪಟ್ಟಿನಷ್ಟು. ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ, ದುಡ್ಡು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ತನಗೆ ಕ್ಷಯ ಬರುತ್ತದೋ ಇಲ್ಲವೋ ತಿಳಿಯುತ್ತೇನೆ ಎನ್ನುವುದು ಸದ್ಯಕ್ಕೆ ವ್ಯರ್ಥ ಖರ್ಚು.

ಹಾಗಾದರೆ ಖರ್ಚು ಎಲ್ಲಿ ಮಾಡಬೇಕು? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿದ ಪ್ರಯೋಗದ ಫಲ 2023ರಲ್ಲಿ ಹೊರಬಂತು. ಕ್ಷಯ ರೋಗಿಗಳ ಮನೆಯ 10,345 ಮಂದಿಯನ್ನು ಗಮನಿಸಿದರು. ಒಂದು ಗುಂಪಿನಲ್ಲಿ ರೋಗಿಗೆ ಕೊಟ್ಟ ದಿನಸಿಯ ಜೊತೆಗೆ ಮನೆಯವರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೀವಸತ್ವದ ಮಾತ್ರೆ. ಇನ್ನೊಂದು ಗುಂಪಿನಲ್ಲಿ ರೋಗಿಗೆ ಮಾತ್ರ. ಮನೆಯವರಿಗೂ ದಿನಸಿ ಸಿಕ್ಕ ಕಡೆ ಹೊಸದಾಗಿ ಕ್ಷಯ ಬೀಳುವವರು 39% ಕಡಿಮೆಯಾದರು. ಪ್ರಯೋಗಾಲಯದಲ್ಲಿ ಖಚಿತಪಟ್ಟ ಶ್ವಾಸಕೋಶದ ಕ್ಷಯವಂತೂ 48%. ಎರಡೂ ಗುಂಪು ಅದೇ ಜಿಲ್ಲೆಗಳ ಅದೇ ಜನ.

ವಂಶವಾಹಿಯ ತಿಳಿವಳಿಕೆ ಇಂದೇ ಕೆಲಸಕ್ಕೆ ಬರುವ ಜಾಗ ಕಾಯಿಲೆ ಯಾರಿಗೆ ಬರುತ್ತದೆ ಎನ್ನುವುದಲ್ಲ, ಮದ್ದು ಯಾರಿಗೆ ಹೇಗೆ ಹಿಡಿಸುತ್ತದೆ ಎನ್ನುವುದು. ಕ್ಷಯದ ಮುಖ್ಯ ಮಾತ್ರೆ ಐಸೊನಿಯಾಜಿಡ್ ಅನ್ನು ಯಕೃತ್ತಿನಲ್ಲಿ ಕರಗಿಸಿ ಹೊರಹಾಕುವ ಕಿಣ್ವವನ್ನು ನ್ಯಾಟ್2 ಎಂಬ ವಂಶವಾಹಿ ತಯಾರಿಸುತ್ತದೆ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ. ಇದು ಹುಟ್ಟಿನಿಂದ ಬಂದ ಗುಣವೆಂದು 1960ರ ಹೊತ್ತಿಗೇ ಗೊತ್ತಾಗಿತ್ತು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನದವರು. ಅವರ ರಕ್ತದಲ್ಲಿ ಮದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಅದರಿಂದ ನರಗಳಿಗೆ ಮತ್ತು ಯಕೃತ್ತಿಗೆ ತೊಂದರೆಯಾಗುವ ಸಂಭವ ಸ್ವಲ್ಪ ಹೆಚ್ಚು. ಐಸೊನಿಯಾಜಿಡ್ ಜೊತೆ ಬಿ6 ಮಾತ್ರೆ ಬರೆದುಕೊಡುವುದು ನರಗಳನ್ನು ಕಾಪಾಡಲಿಕ್ಕೆ. ಅದನ್ನು ಬರೀ ಶಕ್ತಿಯ ಮಾತ್ರೆ ಎಂದು ಬಿಡಬಾರದು. ಮಾತ್ರೆ ನುಂಗುತ್ತಿರುವಾಗ ಅಂಗಾಲು ಜುಮುಗುಟ್ಟಿದರೆ ಮುಂದಿನ ಭೇಟಿಯವರೆಗೆ ಕಾಯದೆ ಆರೋಗ್ಯ ಕೇಂದ್ರದಲ್ಲಿ ಹೇಳಬೇಕು. ಊಟ ಸೇರದೆ ವಾಂತಿಯಾಗುತ್ತಿದ್ದರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಯಾವಾಗ ಮತ್ತೆ ಶುರುಮಾಡಬೇಕು ಎನ್ನುವುದನ್ನು ಅವರು ಯಕೃತ್ತಿನ ರಕ್ತಪರೀಕ್ಷೆ ನೋಡಿ ಹೇಳುತ್ತಾರೆ.